ಬೀಗ ಹಾಕಿದ ಬಾಗಿಲು, ಒಳಗೆ ಬಂದ ಸೋಂಕು

ಸಾಂಕ್ರಾಮಿಕ ರೋಗ ಬಂದಾಗ ಹಿರಿಯರಿರುವ ಮನೆಗಳನ್ನು ಕಾಯುವುದು ಹೇಗೆ? ನೆರಿಯದ ಆಶ್ರಮದಿಂದ ನವಲಗುಂದದ ಪಡಸಾಲೆಯವರೆಗೆ ಒಂದು ನೋಟ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಕಳೆದ ಮೇಲೆ ಪರೀಕ್ಷೆಯ ವರದಿ ಬಂತು. ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ಅದಾಗಿತ್ತು. ಈ ರೋಗ ಯಾರನ್ನು ಮೊದಲು ಹಿಡಿದು ಬೀಳಿಸುತ್ತದೆ ಎಂಬುದು ಅಲ್ಲಿಗೇ ಗೊತ್ತಾಗಿ ಹೋಯಿತು. ಮುಂದಿನ ಕೆಲವೇ ದಿನಗಳಲ್ಲಿ ರಾಜ್ಯದ ವೃದ್ಧಾಶ್ರಮಗಳ ಗೇಟಿಗೆ ಬೀಗ ಬಿತ್ತು. ಮಗ, ಮಗಳು ಬಂದರೂ ಹೊರಗೇ ನಿಂತು, ಹಣ್ಣಿನ ಚೀಲ ಕಾವಲುಗಾರನ ಕೈಗೆ ಕೊಟ್ಟು ಹೋಗಬೇಕಾಯಿತು.

ಆದರೆ ಬೆಳಗಿನ ಚಹಾ ಕಾಯಿಸುವವಳು, ಹಾಸಿಗೆ ಹಿಡಿದವರಿಗೆ ಮೈ ಒರೆಸುವವಳು, ಡೈಪರ್ ಬದಲಿಸುವವಳು, ಹಾಲು ತರಕಾರಿ ತರುವವನು ಇವರೆಲ್ಲ ಅದೇ ಗೇಟಿನಿಂದ ದಿನಾ ಒಳಗೆ ಬರಲೇಬೇಕಿತ್ತು. ಇವರು ಸಂಜೆ ಮನೆಗೆ ಹೋಗುತ್ತಿದ್ದರು, ಮನೆಯಲ್ಲಿ ಮಕ್ಕಳಿದ್ದರು, ಗಂಡ ಬೇರೆ ಕಡೆ ದುಡಿಯುತ್ತಿದ್ದ. ಹಿರಿಯರು ಒಟ್ಟಾಗಿ ಬಾಳುವ ಸೂರಿನೊಳಗೆ ಸೋಂಕು ಬರುವುದು ಬಹುಮಟ್ಟಿಗೆ ಆರೈಕೆಯ ಜೊತೆಗೇ. ಹಾಗೆಂದು ಆರೈಕೆಯನ್ನೇ ನಿಲ್ಲಿಸಿದರೆ ಸೋಂಕಿಲ್ಲದೆಯೂ ಜೀವ ಹೋಗುತ್ತದೆ. ವೃದ್ಧಾಶ್ರಮದ ಮೇಲ್ವಿಚಾರಕರಿಂದ ಹಿಡಿದು ಹಳ್ಳಿಯ ಸೊಸೆಯವರೆಗೆ ಎಲ್ಲರ ಕಷ್ಟವೂ ಈ ಎರಡರ ನಡುವೆ ಇದೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ವೃದ್ಧಾಶ್ರಮದ ಬೋರ್ಡು ಕಾಣುವುದೇ ಅಪರೂಪ. ಇಲ್ಲಿ ಮುಪ್ಪು ಕಳೆಯುವುದು ಮನೆಯಲ್ಲೇ. ಆದರೆ ದುಡಿಯುವ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಗೋವಾ ಎಂದು ಹೋದ ಮೇಲೆ ಓಣಿಗೆ ಓಣಿಯೇ ಹಿರಿಯರ ವಸತಿಯಾಗಿಬಿಟ್ಟಿದೆ. ಮೇಲ್ವಿಚಾರಕರಿಲ್ಲ, ದಾಖಲೆ ಪುಸ್ತಕವಿಲ್ಲ, ರಾತ್ರಿ ಪಾಳಿಯ ದಾದಿಯಿಲ್ಲ. ಹಾಗಾಗಿ ಆಶ್ರಮಗಳು ಪಟ್ಟ ಪಾಡಿನಿಂದ ಕಲಿಯಬೇಕಾದದ್ದು ಆಶ್ರಮಗಳಿಲ್ಲದ ಈ ಸೀಮೆಗೂ ಬಹಳ ಇದೆ.

ಗಂಡಿಬಾಗಿಲಿನಲ್ಲಿ ಆದದ್ದು

ಕರ್ನಾಟಕದಲ್ಲಿ ಇಂಥ ಸಂದರ್ಭದ ದೊಡ್ಡ ಉದಾಹರಣೆ ದಕ್ಷಿಣ ಕನ್ನಡದ್ದು. ಬೆಳ್ತಂಗಡಿ ತಾಲ್ಲೂಕಿನ ನೆರಿಯ ಗ್ರಾಮದ ಗಂಡಿಬಾಗಿಲಿನಲ್ಲಿ ಸಿಯೋನ್ ಆಶ್ರಮವಿದೆ. ನಿರ್ಗತಿಕರು, ಮಾನಸಿಕ ಅಸ್ವಸ್ಥರು, ಯಾರೂ ಇಲ್ಲದ ವೃದ್ಧರು ಅಲ್ಲಿ ಆಶ್ರಯ ಪಡೆದವರು. 2021ರ ಮೇ ಕೊನೆಯಲ್ಲಿ, ಎರಡನೇ ಅಲೆ ಹಳ್ಳಿಗಳನ್ನು ಹೊಕ್ಕಿದ್ದ ಹೊತ್ತಿನಲ್ಲಿ, ಅಲ್ಲಿನ ಇನ್ನೂರಕ್ಕೂ ಹೆಚ್ಚು ಮಂದಿಗೆ ಕೋವಿಡ್ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಆಶ್ರಮದಲ್ಲಿದ್ದವರಲ್ಲಿ ಬಹುಪಾಲು ಜನ ಒಂದೇ ಬಾರಿಗೆ ಸೋಂಕಿತರು.

ಅಷ್ಟು ಜನರನ್ನು ಎಲ್ಲಿಡುವುದು? ಆಸ್ಪತ್ರೆಗಳಲ್ಲಿ ಹಾಸಿಗೆಯಿರಲಿಲ್ಲ. ಆಶ್ರಮದಲ್ಲೇ ಇಟ್ಟರೆ ಸೋಂಕಿಲ್ಲದ ಉಳಿದವರಿಗೂ ಹರಡುವುದು ಖಂಡಿತ. ಲಾಕ್‌ಡೌನ್‌ನಿಂದಾಗಿ ಯಾತ್ರಿಕರಿಲ್ಲದೆ ಖಾಲಿಯಿದ್ದ ಧರ್ಮಸ್ಥಳದ ರಜತಾದ್ರಿ ವಸತಿಗೃಹ ಆಗ ನೆರವಿಗೆ ಬಂತು. ಅಲ್ಲಿ ಕೋವಿಡ್ ಆರೈಕೆ ಕೇಂದ್ರ ಮಾಡಿ ಸೋಂಕಿತರನ್ನು ಸಾಗಿಸಲಾಯಿತು. ಬಿಡಿ ಕೋಣೆ, ಕೋಣೆಗೊಂದು ಶೌಚಾಲಯ, ಅಡುಗೆ ಮಾಡಿ ಬಡಿಸುವ ವ್ಯವಸ್ಥೆ ಎಲ್ಲವೂ ಇದ್ದ ಕಟ್ಟಡ ಹತ್ತಿರದಲ್ಲೇ ಇದ್ದದ್ದು ಭಾಗ್ಯ.

ಆದರೆ ಕಟ್ಟಡ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಾನೆಲ್ಲಿದ್ದೇನೆ ಎಂಬುದು ಗೊತ್ತಾಗದ ಹಿರಿಯರಿಗೆ ಮಾಸ್ಕ್ ಹಾಕಿಕೊಂಡಿರಿ, ಕೋಣೆ ಬಿಟ್ಟು ಬರಬೇಡಿ ಎಂದರೆ ಅರ್ಥವಾದೀತೇ? ಹೊಸ ಜಾಗದಲ್ಲಿ ರಾತ್ರಿ ಎದ್ದು ಬಚ್ಚಲ ದಾರಿ ತಪ್ಪಿ ಬಿದ್ದರೆ ಹಿಡಿಯುವವರು ಬೇಕು. ಅವರ ಹೆಸರು, ಅಭ್ಯಾಸ, ಗುಳಿಗೆ, ಸಿಟ್ಟು ಎಲ್ಲ ಬಲ್ಲ ಮುಖವೊಂದು ಜೊತೆಗಿರಬೇಕು. ಹಿರಿಯರ ಮನೆಯನ್ನು ಸಾಗಿಸುವುದೆಂದರೆ ಅವರನ್ನು ಬಲ್ಲವರನ್ನೂ ಜೊತೆಗೆ ಸಾಗಿಸುವುದು.

ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ಧಾರವಾಡದಲ್ಲೇ ಇನ್ನೊಂದು ಸೋಂಕಿನ ಗುಚ್ಛ ಕಾಣಿಸಿತು. ಎಸ್‌ಡಿಎಂ ವೈದ್ಯಕೀಯ ಕಾಲೇಜಿನ 280ಕ್ಕೂ ಹೆಚ್ಚು ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಗೆ ಕೋವಿಡ್ ದೃಢಪಟ್ಟಿತು. ಸಂಖ್ಯೆ ನೆರಿಯದಷ್ಟೇ ಭಾರಿ. ಆದರೆ ಹೆಚ್ಚಿನವರು ಹರೆಯದವರು, ಎರಡು ಡೋಸ್ ಲಸಿಕೆ ಪಡೆದವರು. ಬಹುತೇಕರಿಗೆ ರೋಗಲಕ್ಷಣ ಅಷ್ಟಕ್ಕಷ್ಟೇ. ಒಂದೇ ಸೂರಿನಡಿ ಬಾಳುವವರಿಗೆ ಸೋಂಕು ಒಟ್ಟಿಗೇ ತಗಲುತ್ತದೆ, ಅದು ವಯಸ್ಸು ಕೇಳುವುದಿಲ್ಲ. ತಗಲಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ವಯಸ್ಸು ಮತ್ತು ಲಸಿಕೆ ನಿರ್ಧರಿಸುತ್ತವೆ.

ಎರಡು ಮನೆಯಲ್ಲಿ ದುಡಿಯುವ ಕೈ

ಹಿರಿಯರ ವಸತಿಗಳಿಗೆ ಕೋವಿಡ್ ಹೇಗೆ ನುಗ್ಗುತ್ತದೆ ಎಂಬ ಪಾಠ ಜಗತ್ತಿಗೆ ಮೊದಲು ಸಿಕ್ಕಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಎಂಬ ಊರಿನಲ್ಲಿ. ಅಲ್ಲಿನ ಒಂದು ಆರೈಕೆ ಕೇಂದ್ರದಲ್ಲಿ 2020ರ ಫೆಬ್ರುವರಿ ಕೊನೆಗೆ ಮೊದಲ ಪ್ರಕರಣ ಪತ್ತೆಯಾಯಿತು. ಮಾರ್ಚ್ 18ರ ಹೊತ್ತಿಗೆ ಆ ಕೇಂದ್ರಕ್ಕೆ ಸಂಬಂಧಿಸಿದ ಪ್ರಕರಣಗಳು 167. ಅದರಲ್ಲಿ 101 ಮಂದಿ ಅಲ್ಲಿ ವಾಸಿಸುತ್ತಿದ್ದ ಹಿರಿಯರು, 50 ಮಂದಿ ಸಿಬ್ಬಂದಿ, 16 ಮಂದಿ ನೋಡಲು ಬಂದವರು. ಸೋಂಕಿತ ಹಿರಿಯರಲ್ಲಿ ಮೂರರಲ್ಲೊಬ್ಬರು ಉಳಿಯಲಿಲ್ಲ.

ತನಿಖೆಗೆ ಹೋದವರು ಕಂಡ ಕಾರಣಗಳಲ್ಲಿ ಒಂದೂ ವಿಚಿತ್ರವಾದದ್ದಲ್ಲ. ಮೈ ಸರಿಯಿಲ್ಲದಿದ್ದರೂ ಕೆಲವರು ಕೆಲಸಕ್ಕೆ ಬಂದಿದ್ದರು. ಕೆಲವರು ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ದುಡಿಯುತ್ತಿದ್ದರು. ಮಾಸ್ಕ್, ಗೌನುಗಳ ಕೊರತೆಯಿತ್ತು, ಬಳಸುವುದು ಹೇಗೆಂಬ ತರಬೇತಿಯೂ ಕಡಿಮೆಯಿತ್ತು. ಒಂದೇ ಕಡೆಯ ಸಂಬಳ ಸಾಲದು, ರಜೆ ಹಾಕಿದರೆ ಕೂಲಿ ಇಲ್ಲ. ಹಾಗಿರುವಾಗ ನೆಗಡಿ ಬಂದವಳು ಮನೆಯಲ್ಲಿ ಕೂರುವುದುಂಟೇ? ನಮ್ಮ ಊರುಗಳಲ್ಲೂ ಎರಡು ಮನೆಯ ಕೆಲಸ ಮುಗಿಸಿ ಮೂರನೆಯ ಮನೆಯ ಮುದುಕಿಗೆ ನೀರು ಹಾಕಲು ಹೋಗುವ ಹೆಣ್ಣುಮಗಳ ಸ್ಥಿತಿ ಇದೇ.

ಇದಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಬೇಗ ಎಚ್ಚೆತ್ತು, ಆರೈಕೆ ಸಿಬ್ಬಂದಿ ಒಂದೇ ಕೇಂದ್ರದಲ್ಲಿ ಕೆಲಸ ಮಾಡಬೇಕೆಂದು ಆದೇಶಿಸಿತು, ಜೊತೆಗೆ ಕೂಲಿಯನ್ನೂ ಏರಿಸಿತು. ಫ್ರಾನ್ಸಿನ ಕೆಲವು ವೃದ್ಧಾಶ್ರಮಗಳಲ್ಲಿ ಸಿಬ್ಬಂದಿಯೇ ಹಾಸಿಗೆ ಬಟ್ಟೆ ಹೊತ್ತು ಬಂದು ವಾರಗಟ್ಟಲೆ ಒಳಗೇ ಉಳಿದರು. ಅಂಥ ಕಡೆ ಸಾವುಗಳು ಉಳಿದ ಕಡೆಗಿಂತ ಬಹಳ ಕಡಿಮೆಯಾದವು.

ಇದಕ್ಕೆ ತದ್ವಿರುದ್ಧವಾದದ್ದೂ ಕೆನಡಾದಲ್ಲೇ ಆಯಿತು. ಮಾಂಟ್ರಿಯಲ್ ಬಳಿಯ ಹೆರನ್ ಎಂಬ ಖಾಸಗಿ ಆರೈಕೆ ಮನೆಯಲ್ಲಿ 2020ರ ಮಾರ್ಚ್ ಕೊನೆಗೆ ಸಿಬ್ಬಂದಿಯಲ್ಲಿ ಬಹುಪಾಲು ಜನ ಬರುವುದನ್ನೇ ನಿಲ್ಲಿಸಿದರು. ಅಧಿಕಾರಿಗಳು ಒಳಹೊಕ್ಕಾಗ ನೀರು, ಊಟ, ಬದಲಿ ಬಟ್ಟೆ ಕಾಣದ ಹಿರಿಯರು ಹಾಸಿಗೆಯಲ್ಲಿ ಬಿದ್ದಿದ್ದರು. ಕೆಲವೇ ವಾರಗಳಲ್ಲಿ 31 ಮಂದಿ ತೀರಿಕೊಂಡ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಎಲ್ಲರನ್ನೂ ಕೊಂದದ್ದು ವೈರಾಣುವಲ್ಲ ಎಂಬುದು ಆಮೇಲಿನ ವಿಚಾರಣೆಯಲ್ಲಿ ಸ್ಪಷ್ಟವಾಯಿತು.

ಜ್ವರವೇ ಬಾರದ ಕಾಯಿಲೆ

ಗೇಟಿನಲ್ಲಿ ನಿಂತು ಹಣೆಗೆ ಥರ್ಮಾಮೀಟರು ಹಿಡಿಯುವ ದೃಶ್ಯ ನಮಗೆಲ್ಲ ನೆನಪಿದೆ. ಹಿರಿಯರ ವಿಷಯದಲ್ಲಿ ಆ ಯಂತ್ರವನ್ನು ನೆಚ್ಚಿಕೊಳ್ಳುವಂತಿಲ್ಲ. ವಯಸ್ಸಾದ ಮೈ ಸೋಂಕಿಗೆ ಕಾವೇರಿಸಿಕೊಳ್ಳುವುದು ನಿಧಾನ. ಅದಕ್ಕೇ ತಜ್ಞರು ಆರೈಕೆ ಕೇಂದ್ರಗಳಿಗೆ ಜ್ವರದ ಗೆರೆಯನ್ನು ಕೆಳಗಿಳಿಸಿದ್ದಾರೆ. 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಆ ವ್ಯಕ್ತಿಯ ದಿನನಿತ್ಯದ ಮಟ್ಟಕ್ಕಿಂತ 2 ಡಿಗ್ರಿ ಏರಿದರೆ ಜ್ವರ ಎಂದೇ ಎಣಿಸಬೇಕು. ಎಷ್ಟೋ ಸಲ ಅಷ್ಟೂ ಏರುವುದಿಲ್ಲ.

ಹಾಗಾದರೆ ಕಾಣುವುದೇನು? ಊಟ ಬಿಡುವುದು, ಇದ್ದಕ್ಕಿದ್ದಂತೆ ಗಲಿಬಿಲಿಗೊಳ್ಳುವುದು, ನಿನ್ನೆಯವರೆಗೆ ತಾನೇ ಎದ್ದು ಹೋಗುತ್ತಿದ್ದವರು ಬೀಳುವುದು, ಹಗಲೆಲ್ಲ ಮಂಪರು. ಇದನ್ನು ಯಂತ್ರ ಹಿಡಿಯುವುದಿಲ್ಲ, ದಿನಾ ನೋಡುವ ಕಣ್ಣು ಹಿಡಿಯುತ್ತದೆ. ಓಣಿಗೆ ಬಂದ ಆಶಾ ಕಾರ್ಯಕರ್ತೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತ ಮುದುಕಿಯನ್ನು ಕೇಳುವ ಮೊದಲ ಮಾತು ಇದೇ ಆಗಿರುತ್ತದೆ:

“ಆಯಿ, ರಾತ್ರಿ ಉಂಡೀಯೋ ಇಲ್ಲೋ?”

“ಬಾಯಿಗೆ ರುಚೀನ ಇಲ್ಲವ್ವಾ. ಹಾಲಾಗ ಒಂದ ಚೂರ ರೊಟ್ಟಿ ನೆನಸ್ಕೊಂಡ ತಿಂದೇನಿ.”

ಮೂರು ದಿನದಿಂದ ಇದೇ ಉತ್ತರ ಬಂದರೆ ಆಕೆ ಚೀಲದಿಂದ ಆಕ್ಸಿಮೀಟರ್ ತೆಗೆದು ಮುದುಕಿಯ ಬೆರಳಿಗೆ ಸಿಕ್ಕಿಸುತ್ತಾಳೆ. ಬಳೆ, ಉಂಗುರ ತಾಕದ ಬೆರಳು ಹುಡುಕಬೇಕು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು, ಅಂಕಿ ನಿಲ್ಲುವವರೆಗೆ ಕಾಯಬೇಕು. 94ಕ್ಕಿಂತ ಕೆಳಗೆ ಬಂದರೆ ಫೋನು ತೆಗೆಯಬೇಕು. 2021ರ ಬೇಸಿಗೆಯಲ್ಲಿ ಎಷ್ಟೋ ಜೀವ ಉಳಿದದ್ದು ಇಂಥ ವಿಚಾರಣೆಯಿಂದ. ಅದೇ ಎಷ್ಟೋ ಜೀವ ಹೋದದ್ದು “ವಯಸ್ಸಾಗೇತಿ, ಸೊರಗ್ಯಾರ” ಎಂದು ನಾವೇ ಸಮಾಧಾನ ಹೇಳಿಕೊಂಡಿದ್ದರಿಂದ.

ಇನ್ನೊಂದು ತೊಡಕೂ ಇದೆ. ಕರ್ಕ್‌ಲ್ಯಾಂಡ್ ಇರುವ ಅದೇ ಜಿಲ್ಲೆಯ ಇನ್ನೊಂದು ಆರೈಕೆ ಕೇಂದ್ರದಲ್ಲಿ ಎಲ್ಲರಿಗೂ ಪರೀಕ್ಷೆ ಮಾಡಿದಾಗ, ಸೋಂಕು ದೃಢಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಹಿರಿಯರಿಗೆ ಆ ಹೊತ್ತಿನಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಕೆಮ್ಮುವವರನ್ನು ಮಾತ್ರ ಬೇರೆ ಮಾಡಿದರೆ ಸಾಲದು. ಒಬ್ಬರಲ್ಲಿ ಕಂಡರೆ ಎಲ್ಲರನ್ನೂ ಪರೀಕ್ಷಿಸಬೇಕು. ಫ್ಲೂ ವಿಷಯದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸೂತ್ರ ಸರಳ. 72 ತಾಸಿನೊಳಗೆ ಒಂದೇ ಸೂರಿನಡಿ ಇಬ್ಬರು ಹಾಸಿಗೆ ಹಿಡಿದು, ಅವರಲ್ಲಿ ಒಬ್ಬರಿಗಾದರೂ ಪರೀಕ್ಷೆಯಲ್ಲಿ ಫ್ಲೂ ದೃಢಪಟ್ಟರೆ ಅದನ್ನು ಸಾಂಕ್ರಾಮಿಕವೆಂದೇ ತಿಳಿದು ಕೆಲಸ ಶುರುಮಾಡಬೇಕು. ಇಬ್ಬರು ಮಲಗಿದ್ದನ್ನು ಹೊತ್ತಿಗೆ ಸರಿಯಾಗಿ ಗುರುತಿಸಲು ಬೇಕಾದದ್ದು ಹತ್ತು ರೂಪಾಯಿಯ ನೋಟುಪುಸ್ತಕ ಮತ್ತು ಅದರಲ್ಲಿ ದಿನಾ ಬರೆಯುವ ಒಬ್ಬರು.

ಪಡಸಾಲೆಯೇ ವಾರ್ಡು

ಬೆಳವಲ ಸೀಮೆಯ ಹಳೆಯ ಮನೆಯ ರಚನೆಯನ್ನೇ ನೋಡಿ. ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ, ಕಿಟಕಿ ಕಡಿಮೆ, ನಡುಮನೆಗೆ ಬೆಳಕಿಂಡಿಯೊಂದೇ ಗತಿ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಗಾಳಿಯಿಂದ ಹರಡುವ ರೋಗ ಬಂದರೆ ಆ ತಂಪೇ ಶತ್ರು. ತಲಬಾಗಿಲು ದಾಟಿದರೆ ಒಂದು ಬದಿ ದನ, ಇನ್ನೊಂದು ಬದಿ ಪಡಸಾಲೆ. ಅಜ್ಜ ಅಜ್ಜಿಯರ ಹಾಸಿಗೆ ಇರುವುದು ಸಾಮಾನ್ಯವಾಗಿ ಅಲ್ಲೇ. ಹೊಲದಿಂದ ಬಂದವರು, ಶಾಲೆಯಿಂದ ಬಂದವರು, ಹುಬ್ಬಳ್ಳಿ ಬಸ್ಸಿಳಿದು ಬಂದವರು, ಎಲ್ಲರೂ ಅವರನ್ನು ಹಾದೇ ಒಳಗೆ ಹೋಗಬೇಕು. ಹರವಿಯ ನೀರು ಒಂದೇ, ಅದ್ದುವ ತಂಬಿಗೆಯೂ ಒಂದೇ. ಮನೆಯ ಅತಿ ಸೂಕ್ಷ್ಮ ಜೀವವನ್ನು ಅತಿ ಹೆಚ್ಚು ಓಡಾಟದ ಜಾಗದಲ್ಲಿ ಇಟ್ಟಿದ್ದೇವೆ.

ಹಿರಿಯರ ದಿನಚರಿಯೂ ಗುಂಪಿನದ್ದೇ. ಮುಂಜಾನೆ ಗುಡಿಯ ಕಟ್ಟೆ, ಸಂಜೆ ಭಜನೆ, ತಿಂಗಳಿಗೊಮ್ಮೆ ಪಿಂಚಣಿ. ಸಂಧ್ಯಾ ಸುರಕ್ಷಾದ 1,200 ರೂಪಾಯಿಗಾಗಿ ಅಂಚೆ ಕಚೇರಿಯ ಮುಂದೆ, ಬ್ಯಾಂಕಿನ ಮೆಟ್ಟಿಲ ಮೇಲೆ ಒಟ್ಟಿಗೆ ಕುಳಿತು ಕಾಯುವವರು ಇವರೇ. ಶ್ರಾವಣದಲ್ಲಿ ತಿಂಗಳುಗಟ್ಟಲೆ ಮಠಗಳಲ್ಲಿ ಪುರಾಣ ಪ್ರವಚನ, ಕೇಳಲು ಕೂತವರಲ್ಲಿ ಮುಕ್ಕಾಲು ಪಾಲು ನರೆಗೂದಲು. ಮಳೆಗಾಲದ ಫ್ಲೂ ಏರುವುದೂ ಅದೇ ದಿನಗಳಲ್ಲಿ. ಪುರಾಣ ನಿಲ್ಲಿಸಿ ಎಂದು ಹೇಳಬೇಕಿಲ್ಲ. ಬಾಗಿಲು ಕಿಟಕಿ ತೆರೆದಿಟ್ಟು, ಸಾಧ್ಯವಿದ್ದರೆ ಅಂಗಳದ ಮಂಟಪದಲ್ಲಿ ನಡೆಸಿ, ಕೆಮ್ಮು ಇದ್ದವರು ನಾಲ್ಕು ದಿನ ಮನೆಯಲ್ಲೇ ಕುಳಿತು ಮೈಕಿನಲ್ಲಿ ಕೇಳಲಿ ಎಂದು ಸ್ವಾಮಿಗಳು ಒಂದು ಮಾತು ಹೇಳಿದರೆ ಅದು ಇಲಾಖೆಯ ನೂರು ಕರಪತ್ರಕ್ಕೆ ಸಮ.

2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯ ಶೇ 9.5ರಷ್ಟು, ಅಂದರೆ ಸುಮಾರು 58 ಲಕ್ಷ ಮಂದಿ, 60 ದಾಟಿದವರಿದ್ದರು. 2017–18ರ ರಾಷ್ಟ್ರೀಯ ವಯೋವೃದ್ಧರ ಸಮೀಕ್ಷೆಯ ಪ್ರಕಾರ ದೇಶದ ಹಿರಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಒಂಟಿ, ಇಪ್ಪತ್ತು ಮಂದಿ ಸಂಗಾತಿಯೊಂದಿಗೆ ಮಾತ್ರ ಇರುವವರು. ಈ ಇಬ್ಬಗೆಯ ಮನೆಗಳಲ್ಲಿ ಒಬ್ಬರು ಮಲಗಿದರೆ ಒಲೆ ಹಚ್ಚುವವರು ಯಾರು ಎಂಬುದೇ ಮೊದಲ ಪ್ರಶ್ನೆ. ಗಂಡನಿಗೆ ಸೋಂಕು ಬಂದು ಹೆಂಡತಿ ನೋಡಿಕೊಂಡರೆ ಮೂರನೆಯ ದಿನ ಆಕೆಯೂ ಮಲಗುತ್ತಾಳೆ. ಇಬ್ಬರೇ ಇರುವ ಆ ಮನೆಯೂ ಒಂದು ವೃದ್ಧಾಶ್ರಮವೇ, ಸಿಬ್ಬಂದಿ ಮಾತ್ರ ಇಲ್ಲ.

ಎರಡನೇ ಅಲೆಯಲ್ಲಿ ಸರ್ಕಾರ ಹಳ್ಳಿಗಳಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರುವುದನ್ನು ಬಿಡಿಸಿ, ಸೋಂಕಿತರನ್ನು ಆರೈಕೆ ಕೇಂದ್ರಗಳಿಗೆ ಒಯ್ಯಲು ಹೇಳಿದ್ದರ ಹಿಂದೆ ಇದೇ ತರ್ಕವಿತ್ತು. ಹಾಸ್ಟೆಲುಗಳು, ವಸತಿ ಶಾಲೆಗಳು ಕೇಂದ್ರಗಳಾದವು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾರ್ಯಪಡೆ ಬಂತು. ‘ವೈದ್ಯರ ನಡೆ ಹಳ್ಳಿಯ ಕಡೆ’ ಎಂದು ವೈದ್ಯರ ತಂಡಗಳು ಊರೂರಿಗೆ ಹೊರಟವು. ತರ್ಕ ಸರಿ, ಆದರೆ ಹಿರಿಯರ ಪಾಲಿಗೆ ಹಾಸ್ಟೆಲು ಹೊಂದುವ ಜಾಗವಾಗಿರಲಿಲ್ಲ. ಎತ್ತರದ ಮೆಟ್ಟಿಲು, ಕುಕ್ಕರಗಾಲಿನ ಶೌಚಾಲಯ, ರಾತ್ರಿ ದೀಪವಿಲ್ಲದ ಕಾರಿಡಾರು, ಜೊತೆಗೆ ಯಾರೂ ಇರುವಂತಿಲ್ಲ ಎಂಬ ನಿಯಮ. ಮಂಡಿ ನೋವಿನ ಅಜ್ಜಿ ಅಲ್ಲಿಗೆ ಹೋಗಲು ಒಪ್ಪದಿದ್ದರೆ ಅದು ಹಟವಲ್ಲ.

ಹೊಲದ ಗುಡಿಸಲಿನ ನೆನಪು

‘ಒಯ್ದವರು ತಿರುಗಿ ಬರೂದಿಲ್ಲ’ ಎಂಬ ಅಂಜಿಕೆ ಈ ಸೀಮೆಗೆ ಕೋವಿಡ್ ಕಲಿಸಿದ್ದಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ರೈಲು ಹಳಿಯ ಗುಂಟ ಇಳಿದು ಹುಬ್ಬಳ್ಳಿ–ಧಾರವಾಡಕ್ಕೂ ಬಂತು. 1898ರಲ್ಲಿ ಹುಬ್ಬಳ್ಳಿ ಅದರ ಹೊಡೆತಕ್ಕೆ ತತ್ತರಿಸಿತು. ಇಲಿ ಬಿದ್ದ ಸುದ್ದಿ ಬಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅಧಿಕಾರಿಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕಿ ಕ್ಯಾಂಪಿಗೆ ಒಯ್ಯುತ್ತಿದ್ದರು. ಒಯ್ಯುತ್ತಾರೆಂಬ ಭಯಕ್ಕೆ ಮನೆಯವರು ರೋಗಿಯನ್ನೇ ಬಚ್ಚಿಡುತ್ತಿದ್ದರು. ಪುಣೆಯಲ್ಲಿ ಇಂಥ ದಬ್ಬಾಳಿಕೆಯ ಸಿಟ್ಟು 1897ರಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಹತ್ಯೆಯವರೆಗೂ ಹೋಯಿತು.

ಹುಬ್ಬಳ್ಳಿಯ ಕತೆ ಬೇರೆ ತಿರುವು ಪಡೆಯಿತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಸಿದ್ಧಪಡಿಸಿ 1897ರ ಜನವರಿಯಲ್ಲಿ ತನ್ನ ಮೈಗೇ ಚುಚ್ಚಿಕೊಂಡು ನೋಡಿದ ಪ್ಲೇಗ್ ಲಸಿಕೆಯನ್ನು, ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯ 1898ರಲ್ಲಿ ಹುಬ್ಬಳ್ಳಿಯಲ್ಲಿ ಓಣಿ ಓಣಿಗೆ ಒಯ್ದ. ಸುಮಾರು ಅರ್ಧ ಲಕ್ಷ ಜನರ ಪಟ್ಟಣದಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಲಸಿಕೆ ಹಾಕಿಸಿಕೊಂಡರು. ಹೊಸ ಔಷಧ, ಪರದೇಶಿ ಸರ್ಕಾರ, ಆದರೂ ಜನ ಬಂದರು. ಬಲವಂತದ ಕ್ಯಾಂಪು ಮಾಡಲಾಗದ್ದನ್ನು ಮನೆ ಬಾಗಿಲಿಗೆ ಬಂದ ಸೂಜಿ ಮಾಡಿತು.

2021ರಲ್ಲೂ ಇದೇ ಪಾಠ ಮತ್ತೆ ಬಂತು. ಮಾರ್ಚ್ 1ರಂದು 60 ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾದಾಗ ಹೆಸರು ನೋಂದಾಯಿಸಿ, ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ಹಾಸಿಗೆ ಬಿಟ್ಟೇಳಲಾಗದವರು ಹೋಗುವುದು ಹೇಗೆ? ಮನೆಗೆ ಹತ್ತಿರದ ಲಸಿಕಾ ಕೇಂದ್ರಗಳ ಮಾರ್ಗಸೂಚಿ ಬಂದದ್ದು ಮೇ ಕೊನೆಗೆ. ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಲಸಿಕೆ ಎಂದು ಕೇಂದ್ರ ಸರ್ಕಾರ ಹೇಳಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಬಂದು ಹೋಗಿತ್ತು. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಹಾಂಗ್‌ಕಾಂಗ್ ಸಾಕ್ಷಿ. ಸಾರ್ಸ್ ಕಂಡಿದ್ದ ಆ ನಗರ ಎರಡು ವರ್ಷ ವೃದ್ಧಾಶ್ರಮಗಳನ್ನು ಜತನದಿಂದ ಕಾಯ್ದಿತ್ತು. ಆದರೆ ಆ ವೃದ್ಧಾಶ್ರಮಗಳ ಹಿರಿಯರಲ್ಲಿ ಬಹುಪಾಲು ಜನ ಲಸಿಕೆ ಪಡೆದಿರಲಿಲ್ಲ. 2022ರ ಆರಂಭದಲ್ಲಿ ಓಮಿಕ್ರಾನ್ ಬಾಗಿಲು ಮುರಿದು ಬಂದಾಗ ಸಾವಿರಾರು ಹಿರಿಯರು ಕೆಲವೇ ವಾರಗಳಲ್ಲಿ ಇಲ್ಲವಾದರು.

ಕೊರೊನಾ ಒಂದೇ ಅಲ್ಲ

ಕೋವಿಡ್‌ನ ಗದ್ದಲದಲ್ಲಿ ಮರೆಯುವ ರೋಗಗಳೇ ವರ್ಷವಿಡೀ ಹಿರಿಯರನ್ನು ಕಾಡುವುದು. ಅದರಲ್ಲಿ ತುರಿಕಜ್ಜಿ ಒಂದು. ಇದಕ್ಕೆ ಕಾರಣ ಚರ್ಮದೊಳಗೆ ಕೊರೆಯುವ ಸಣ್ಣ ಹುಳು. ಮೊದಲ ಸಲ ತಗಲಿದವರಲ್ಲಿ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ಮೊದಲ ಅಜ್ಜ ಕೆರೆದುಕೊಳ್ಳಲು ತೊಡಗುವ ಹೊತ್ತಿಗೆ ಅದು ಅವರ ಕೈ ಹಿಡಿದು ನಡೆಸುವವಳಿಗೂ, ಪಕ್ಕದ ಮಂಚಕ್ಕೂ ಹೋಗಿರುತ್ತದೆ. ತುರಿಸುವವರಿಗೆ ಮಾತ್ರ ಮುಲಾಮು ಹಚ್ಚಿದರೆ ಸುತ್ತು ಮುಗಿಯುವುದೇ ಇಲ್ಲ. ಮನೆಯ ಎಲ್ಲರೂ, ಸಿಬ್ಬಂದಿಯೂ ಸೇರಿ, ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಪರ್ಮೆಥ್ರಿನ್ ಹಚ್ಚಿಕೊಂಡು, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ವಾರದ ನಂತರ ಮತ್ತೊಮ್ಮೆ ಮಾಡಬೇಕು. ತೀರಾ ವಯಸ್ಸಾದವರಿಗೆ ತಲೆಗೂ ಹಚ್ಚಬೇಕಾಗುತ್ತದೆ.

ವಾಂತಿಭೇದಿ ಇನ್ನೊಂದು. ಕೆರೆಯ ನೀರನ್ನೇ ಕುಡಿಯುವ ಬೆಳವಲದ ಹಳ್ಳಿಗಳಿಗೆ ಮಳೆಗಾಲದ ಮೊದಲ ಹೊಸ ನೀರು ಪ್ರತಿವರ್ಷದ ಪರೀಕ್ಷೆ. ಕುದಿಸಿ ಆರಿಸಿದ ನೀರು, ಉದ್ದ ಹಿಡಿಯ ಸೌಟು, ಮುಚ್ಚಿದ ಹರವಿ ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ವಾಂತಿ ತರಿಸುವ ನೊರೊವೈರಾಣು ಅದಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಸೋಪು ನೀರೇ ಬೇಕು. ಹರೆಯದವರು ಎರಡು ದಿನದಲ್ಲಿ ಚೇತರಿಸಿಕೊಂಡರೆ, ಬಿ.ಪಿ. ಗುಳಿಗೆ ನುಂಗುವ ಹಿರಿಯರು ನಾಲ್ಕು ಭೇದಿಗೇ ನೀರು ಬತ್ತಿ ಬೀಳುತ್ತಾರೆ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಬೇಕು, ನಡುರಾತ್ರಿ ಔಷಧದಂಗಡಿ ತೆರೆದಿರುವುದಿಲ್ಲ.

2006ರ ಚಿಕೂನ್‌ಗುನ್ಯವನ್ನು ಈ ಭಾಗದವರು ಮರೆತಿಲ್ಲ. ದೇಶದಲ್ಲಿ ಆ ವರ್ಷ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಜ್ವರ ವಾರದಲ್ಲಿ ಇಳಿದರೂ ಹಿರಿಯರ ಮಂಡಿ, ಮಣಿಕಟ್ಟುಗಳ ನೋವು ತಿಂಗಳುಗಟ್ಟಲೆ ಉಳಿಯಿತು. ಸೊಳ್ಳೆ ತರುವ ಆ ರೋಗಕ್ಕೆ ಮಾಸ್ಕೂ ಇಲ್ಲ, ಬೀಗವೂ ಇಲ್ಲ. ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ತಿಕ್ಕಿ ಒಣಗಿಸುವ ಕೈ ಮಾತ್ರ ಬೇಕು.

ಕಾನೂನು ಹೇಳುವುದು, ಹೇಳದಿರುವುದು

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 19ನೇ ಕಲಮು ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಎನ್ನುತ್ತದೆ. ಉದ್ದೇಶ ದೊಡ್ಡದು. ಆದರೆ ಸೋಂಕಿನ ಕಣ್ಣಿಂದ ನೋಡಿದರೆ 150 ಮಂದಿಯನ್ನು ಒಂದೇ ಕಟ್ಟಡದಲ್ಲಿ, ಒಂದೇ ಊಟದ ಮನೆಯಲ್ಲಿ ಕೂಡಿಸುವುದು ಗಂಡಿಬಾಗಿಲಿನಂಥ ಪರಿಸ್ಥಿತಿಗೆ ಆಹ್ವಾನ. ಕೇಂದ್ರದ ಸಹಾಯಧನ ಯೋಜನೆಯಲ್ಲಿ 25 ಮಂದಿಯ ಮನೆಗಳಿಗೂ ಅವಕಾಶವಿದೆ. ನವಲಗುಂದಕ್ಕೊಂದು, ಕಲಘಟಗಿಗೊಂದು ಎಂದು ತಾಲ್ಲೂಕಿನಲ್ಲೇ ಸಣ್ಣ ಮನೆಗಳಾದರೆ ಸೋಂಕು ಒಂದರಿಂದ ಇನ್ನೊಂದಕ್ಕೆ ಹಾರುವುದೂ ಕಡಿಮೆ, ಮಕ್ಕಳು ಬಂದು ನೋಡುವುದೂ ಸುಲಭ.

2020ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್, ಮಾಜಿ ಕಾನೂನು ಸಚಿವ ಅಶ್ವನಿ ಕುಮಾರ್ ಹೂಡಿದ್ದ ಅರ್ಜಿಯಲ್ಲಿ, ಅರ್ಹ ಹಿರಿಯರಿಗೆ ಪಿಂಚಣಿ ಸಮಯಕ್ಕೆ ತಲುಪಬೇಕು, ವೃದ್ಧಾಶ್ರಮಗಳಲ್ಲಿ ಆರೈಕೆ ಮಾಡುವವರಿಗೆ ರಕ್ಷಣಾ ಉಡುಪು ಸಿಗಬೇಕು ಎಂದು ಹೇಳಿತು. ಆರೈಕೆ ಮಾಡುವವರ ಹೆಸರು ಕೋರ್ಟಿನ ಆದೇಶದಲ್ಲಿ ಬಂದದ್ದೇ ಒಂದು ಹೆಜ್ಜೆ. ಅವರ ಕೂಲಿಯ ಮಾತು ಇನ್ನೂ ಬಾಕಿ. ಹಳ್ಳಿಗಳಲ್ಲಿ ಹಿರಿಯರ ಮನೆ ಮನೆಗೆ ಹೋದ ಆಶಾ ಕಾರ್ಯಕರ್ತೆಯರು ಸೋಂಕಿನ ನಡುವೆಯೇ, 2020ರ ಜುಲೈನಲ್ಲಿ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಕನಿಷ್ಠ 10,000ದ ಭರವಸೆ ಸಿಕ್ಕಿದ್ದು 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ರಾತ್ರಿ ಕಳೆದ ಮೇಲೆ.

ಒಂಟಿತನವೂ ರೋಗವೇ

ಬೀಗಕ್ಕೆ ತೆತ್ತ ಇನ್ನೊಂದು ಬೆಲೆಯಿದೆ. ಯಾರನ್ನೂ ನೋಡದೆ ತಿಂಗಳುಗಟ್ಟಲೆ ಕೋಣೆಯಲ್ಲಿ ಕುಳಿತ ಹಿರಿಯರಲ್ಲಿ ಎಷ್ಟೋ ಮಂದಿ ಊಟ ಕಡಿಮೆ ಮಾಡಿದರು, ನಡಿಗೆ ಮರೆತರು, ಮರೆವು ಬೇಗ ಬೆಳೆಯಿತು. ನೆದರ್ಲೆಂಡ್ಸ್ ಇದನ್ನು ಬೇಗ ಗುರುತಿಸಿತು. 2020ರ ಮೇ ತಿಂಗಳಲ್ಲೇ 26 ಆರೈಕೆ ಮನೆಗಳಲ್ಲಿ ಪ್ರತಿ ಹಿರಿಯರಿಗೂ ಒಬ್ಬ ನಿಗದಿತ ಸಂದರ್ಶಕರನ್ನು ಕಟ್ಟುನಿಟ್ಟಿನ ನಿಯಮದೊಂದಿಗೆ ಒಳಗೆ ಬಿಟ್ಟು ನೋಡಿತು. ಆ ಭೇಟಿಗಳಿಂದ ಹೊಸ ಸೋಂಕು ಕಾಣಿಸಲಿಲ್ಲ. ಎಲ್ಲರಿಗೂ ಬಾಗಿಲು ಮುಚ್ಚುವುದಕ್ಕಿಂತ ಒಬ್ಬರಿಗೆ ತೆರೆಯುವುದು ಹೇಗೆಂದು ಕಲಿಯುವುದು ಲೇಸು.

ನಮ್ಮ ಹಳ್ಳಿಯ ಮನೆಗೂ ಇದು ಹೊಂದುತ್ತದೆ. ಮನೆಯಲ್ಲಿ ಆರೋಗ್ಯವಾಗಿರುವ, ಲಸಿಕೆ ಪಡೆದ ಒಬ್ಬರು ಮಾತ್ರ ರೋಗಿಯ ಬಳಿ ಹೋಗಲಿ, ಉಳಿದವರು ಬಾಗಿಲಾಚೆ ನಿಂತು ಮಾತಾಡಲಿ. ಹಾಸಿಗೆಯನ್ನು ಕಿಟಕಿಯಿರುವ ಬದಿಗೆ ಸರಿಸಲಿ, ಕಿಟಕಿಯಿಲ್ಲದಿದ್ದರೆ ಹಗಲು ಹೊತ್ತು ಮುಂದಿನ ಕಟ್ಟೆಗೆ ಮಂಚ ಹಾಕಲಿ. ತಟ್ಟೆ, ತಂಬಿಗೆ, ಟವೆಲ್ ಬೇರೆಯಿರಲಿ. ರಾತ್ರಿ ಪಕ್ಕದಲ್ಲಿ ಗಂಟೆಯೋ, ತಟ್ಟಲು ಒಂದು ತಾಟೋ ಇರಲಿ.

ಊರಿಗೆ ಬೇಕಾದದ್ದು ಇದಕ್ಕಿಂತ ತುಸು ಹೆಚ್ಚು. 2023ರ ಡಿಸೆಂಬರ್‌ನಲ್ಲಿ ಜೆಎನ್‌.1 ಎಂಬ ಹೊಸ ತಳಿ ಬಂದಾಗ ರಾಜ್ಯ ಸರ್ಕಾರ 60 ದಾಟಿದವರು ಮಾಸ್ಕ್ ಹಾಕಬೇಕೆಂದು ಹೇಳಿತು. ಹೇಳುವುದು ಸುಲಭ. ಒಂಟಿಯಾಗಿರುವ ಹಿರಿಯರು ಯಾರು, ಯಾರ ಮನೆಯಲ್ಲಿ ಇಬ್ಬರೇ ಇದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬ ಪಟ್ಟಿ ಮಾತ್ರ ಪ್ರತಿ ಅಲೆಗೂ ಹೊಸದಾಗಿ ತಯಾರಾಗುತ್ತದೆ. 2020ರ ಮನೆ ಮನೆ ಸಮೀಕ್ಷೆಯಲ್ಲಿ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಕಷ್ಟಪಟ್ಟು ಬರೆದ ಹೆಸರುಗಳನ್ನು ವರ್ಷಕ್ಕೊಮ್ಮೆ ತಿದ್ದಿ ಪಂಚಾಯಿತಿಯಲ್ಲೇ ಇಟ್ಟುಕೊಂಡರೆ ಸಾಕಿತ್ತು. ಅಂಗವಿಕಲರಿಗಾಗಿ ಪ್ರತಿ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹಿರಿಯರ ಪಟ್ಟಿಯನ್ನು ಅವರ ಬಳಿಯೇ ಇಡಬಹುದು. 14567 ಎಂಬ ಹಿರಿಯರ ಸಹಾಯವಾಣಿ ಇದೆ. ಆದರೆ ಫೋನು ಮಾಡುವಷ್ಟೂ ತ್ರಾಣವಿಲ್ಲದವರಿಗೆ ಬಾಗಿಲು ತಟ್ಟುವವರೇ ಬೇಕು.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಉದ್ಯೋಗ ಖಾತರಿ, ಬೆಳೆವಿಮೆಯ ಜೊತೆಗೆ ಮೂರು ಪ್ರಶ್ನೆಗಳನ್ನು ಯಾರಾದರೂ ಎದ್ದು ಕೇಳಬಹುದು. ಊರಿನಲ್ಲಿ ಒಂಟಿ ಹಿರಿಯರ ಪಟ್ಟಿ ಎಲ್ಲಿದೆ? ಸೋಂಕು ಬಂದರೆ ಅವರನ್ನು ಇಡಲು ಮೆಟ್ಟಿಲಿಲ್ಲದ, ಕಮೋಡ್ ಇರುವ ಎರಡು ಕೋಣೆ ಯಾವ ಕಟ್ಟಡದಲ್ಲಿವೆ? ಅಲ್ಲಿ ಅವರನ್ನು ನೋಡಿಕೊಳ್ಳುವ ಹೆಣ್ಣುಮಗಳಿಗೆ ದಿನಕ್ಕೆಷ್ಟು ಕೊಡುತ್ತೀರಿ, ಆಕೆಯೇ ಮಲಗಿದರೆ ಆ ದಿನಗಳ ಕೂಲಿಯನ್ನು ಯಾರು ಕೊಡುತ್ತಾರೆ? ಮೊದಲೆರಡಕ್ಕೆ ಕಾಗದದಲ್ಲಿ ಉತ್ತರ ಸಿಕ್ಕೀತು. ಮೂರನೆಯದಕ್ಕೆ ಪಂಚಾಯಿತಿ ದುಡ್ಡು ತೆಗೆದಿಡುವವರೆಗೆ ಮುಂದಿನ ಅಲೆಗೂ ನಮ್ಮ ಬಳಿ ಇರುವುದು ಬೀಗವೊಂದೇ.